ಹಿತ್ತಿಲ ವಸಂತಕ್ಕೆ ದಿನಾಂಕ ಬೇಕು

ಯುಗಾದಿ ಹತ್ತಿರವಾದಂತೆ ಬಯಲುಸೀಮೆಯ ಊರುಗಳಲ್ಲಿ ಹೊಂಗೆಮರಗಳು ಕೆಲವೇ ದಿನಗಳೊಳಗೆ ಹಳೆಯ ಎಲೆಯನ್ನೆಲ್ಲ ಉದುರಿಸಿ, ಎಣ್ಣೆ ಸವರಿದಂತೆ ಹೊಳೆಯುವ ಎಳೆಹಸಿರನ್ನು ಹೊದೆಯುತ್ತವೆ. ಅರಳಿಕಟ್ಟೆಯ ಮೇಲೆ ತಾಮ್ರದ ಬಣ್ಣದ ಚಿಗುರು ತೂಗಾಡುತ್ತದೆ. ಊರಾಚೆಯ ಗೋಮಾಳದಲ್ಲಿ ಒಂದೆಲೆಯೂ ಇಲ್ಲದ ಮುತ್ತುಗ ಮೈತುಂಬ ಕೆಂಡ ಹೊತ್ತು ನಿಂತಿರುತ್ತದೆ. ನಸುಕಿಗೇ ಕೋಗಿಲೆ ಕೂಗಲು ಶುರುಮಾಡುತ್ತದೆ. ಇದೆಲ್ಲ ನಡೆಯುವ ಹೊತ್ತಿಗೆ ನಮ್ಮಲ್ಲಿ ಹೆಚ್ಚಿನವರ ಜೇಬಿನಲ್ಲಿ ಕ್ಯಾಮೆರಾ ಇರುವ ಫೋನೊಂದು ಇದ್ದೇ ಇರುತ್ತದೆ. ಆದರೂ ನಿಮ್ಮ ಬೀದಿಯ ಹೊಂಗೆ ಕಳೆದ ವರ್ಷ ಯಾವ ವಾರ ಚಿಗುರಿತು, ಅದರ ಮೊದಲ ಹೂ ನೆಲಕ್ಕೆ ಬಿದ್ದದ್ದು ಎಂದು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಬಲು ಅಪರೂಪ. ವನ್ಯಜೀವಿ ಛಾಯಾಗ್ರಹಣ ಎಂದ ಕೂಡಲೇ ನಮ್ಮ ಮನಸ್ಸು ಕಬಿನಿ ಹಿನ್ನೀರಿನ ಹುಲಿಗೆ, ಸಫಾರಿ ಜೀಪಿಗೆ, ಮೊಳದುದ್ದದ ಲೆನ್ಸಿಗೆ ಓಡುತ್ತದೆ. ಹಿತ್ತಿಲಿನ ಕರಿಬೇವಿನ ಗಿಡದ ಮೇಲೆ ಎಲೆ ಮೇಯುತ್ತಿರುವ ಹುಳು ಆ ಪದದೊಳಗೆ ಸೇರುವುದೇ ಇಲ್ಲ. ಈ ಲೆಕ್ಕವನ್ನು ತಿರುಗಿಸಿ ನೋಡಬೇಕೆಂಬುದು ಈ ಬರಹದ ವಾದ. ನಿಸರ್ಗದ ಒಂದು ಚಿತ್ರಕ್ಕೆ ಬೆಲೆ ಬರುವುದು ಅದರೊಳಗಿನ ಜೀವಿ ಎಷ್ಟು ಅಪರೂಪದ್ದು ಎಂಬುದರಿಂದ ಮಾತ್ರವೇ ಅಲ್ಲ. ಅದನ್ನು ಎಲ್ಲಿ ತೆಗೆದರು, ಎಂದು ತೆಗೆದರು, ಅದೇ ಜಾಗದಲ್ಲಿ ಮತ್ತೆ ಎಷ್ಟು ಸಲ ತೆಗೆದರು ಎಂಬುದರಿಂದ ಅದಕ್ಕೆ ಇನ್ನೂ ದೊಡ್ಡ ಬೆಲೆ ಬರುತ್ತದೆ. ಈ ಮೂರನ್ನೂ ಪೂರೈಸುವ ಅನುಕೂಲ ಕಾಡಿಗೆ ಹೋಗಿಬರುವವನಿಗಿಂತ ಮನೆಯ ಸುತ್ತ ನಡೆದಾಡುವವನಿಗೇ ಹೆಚ್ಚು.

ದಿನಾಂಕವುಳ್ಳ ಒಂದು ಸಾಧಾರಣ ಚಿತ್ರ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಒಳ್ಳೆಯ ನಿದರ್ಶನವಿದೆ. ಅಲ್ಲಿನ ಲೋವೆಲ್ ಎಂಬ ಊರಿನ ಸ್ಮಶಾನದಲ್ಲಿ 1868ರ ಮೇ 30ರಂದು, ಅಂತರ್ಯುದ್ಧದಲ್ಲಿ ಮಡಿದ ಸೈನಿಕರ ನೆನಪಿನ ದಿನ, ಯಾರೋ ಒಂದು ಚಿತ್ರ ತೆಗೆದಿದ್ದರು. ಅವರ ಗಮನವಿದ್ದದ್ದು ಸಮಾಧಿಗಳ ಮೇಲೆ. ಆದರೆ ಹಿನ್ನೆಲೆಯಲ್ಲಿದ್ದ ಮರಗಳು ಎಲೆಯಿಲ್ಲದೆ ಬೋಳಾಗಿ ನಿಂತದ್ದೂ ಅದರಲ್ಲಿ ಮೂಡಿತು. 2005ರಲ್ಲಿ ಅದೇ ದಿನ, ಅದೇ ಜಾಗದಲ್ಲಿ ತೆಗೆದ ಚಿತ್ರದಲ್ಲಿ ಮರಗಳ ತುಂಬ ಎಲೆ. ಸಸ್ಯವಿಜ್ಞಾನಿ ರಿಚರ್ಡ್ ಪ್ರಿಮ್ಯಾಕ್ ಮತ್ತು ಅವರ ಸಂಗಡಿಗರು ಇಂಥ ಹಳೆಯ ಚಿತ್ರಗಳನ್ನೂ ಒಣಗಿಸಿಟ್ಟ ಸಸ್ಯಗಳ ಮಾದರಿಗಳನ್ನೂ ಹುಡುಕಿ ತೆಗೆದು, ಬಿಸಿಯೇರುತ್ತಿರುವ ಹವೆಗೆ ಗಿಡಮರಗಳು ಹೇಗೆ ಸ್ಪಂದಿಸಿವೆ ಎಂದು ತೋರಿಸಿದರು. ಅದೇ ರಾಜ್ಯದ ಕಾಂಕರ್ಡ್‌ನಲ್ಲಿ ಲೇಖಕ ಹೆನ್ರಿ ಡೇವಿಡ್ ಥೋರೊ 1850ರ ದಶಕದಲ್ಲಿ ದಿನನಿತ್ಯದ ನಡಿಗೆಯಲ್ಲಿ ಯಾವ ಗಿಡ ಎಂದು ಹೂಬಿಟ್ಟಿತೆಂದು ಬರೆದಿಟ್ಟಿದ್ದ. ಆ ಟಿಪ್ಪಣಿಗಳನ್ನು ಈಗಿನ ಸ್ಥಿತಿಯೊಂದಿಗೆ ಹೋಲಿಸಿದಾಗ ಅಲ್ಲಿನ ಗಿಡಗಳು ಸರಾಸರಿ ಒಂದು ವಾರ ಮೊದಲೇ ಅರಳುತ್ತಿವೆ ಎಂದು ಗೊತ್ತಾಯಿತು. ಜಪಾನಿನ ಕ್ಯೋಟೊದಲ್ಲಿ ಚೆರಿ ಹೂವಿನ ದಿನಾಂಕಗಳು ಕ್ರಿ.ಶ. 812ರಿಂದ ಅರಮನೆಯ ದಿನಚರಿಗಳಲ್ಲಿ ಸಿಗುತ್ತವೆ. ಆದ್ದರಿಂದಲೇ 2021ರ ಮಾರ್ಚ್ 26ರ ಹೂವು ಸಾವಿರದ ಇನ್ನೂರು ವರ್ಷಗಳಲ್ಲೇ ಅತಿ ಮುಂಚಿನದೆಂದು ಹೇಳಲು ಸಾಧ್ಯವಾಯಿತು. ಸ್ಮಶಾನದ ಚಿತ್ರ ತೆಗೆದವರಾಗಲಿ, ಹೂವಿನ ಹಬ್ಬ ಮಾಡಿದವರಾಗಲಿ ಹವಾಮಾನದ ಅಧ್ಯಯನ ಮಾಡುತ್ತಿರಲಿಲ್ಲ. ತಮಗೆ ಹತ್ತಿರವಿದ್ದದ್ದನ್ನು ತಾರೀಖಿನೊಂದಿಗೆ ಉಳಿಸಿದರು, ಅಷ್ಟೆ.

ನಮ್ಮ ಕಡೆಯ ಮಾತು ನೋಡಿ. ಕಕ್ಕೆ ಹೂ ಈಚೆಗೆ ಬೇಗ ಅರಳುತ್ತಿದೆ, ಮಾವು ಹೂಬಿಡುವ ಕಾಲ ಅಡ್ಡಾದಿಡ್ಡಿಯಾಗಿದೆ, ಹೊಂಗೆ ಮೊದಲಿನ ಹಾಗೆ ಒಮ್ಮೆಲೇ ಚಿಗುರುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅವರ ಮಾತನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಒಂದು ಊರಿನ ಮಟ್ಟಿಗೆ ಅದನ್ನು ಖಚಿತಪಡಿಸಲು ಬೇಕಾದ ಪುರಾವೆಯೂ ಹೆಚ್ಚಿನ ಊರುಗಳಲ್ಲಿ ಇಲ್ಲ. ನೆನಪು ಒಂದು ಒಳ್ಳೆಯ ವರ್ಷವನ್ನು ಹಿಗ್ಗಿಸುತ್ತದೆ, ನಡುವಿನ ಹತ್ತು ವರ್ಷಗಳನ್ನು ಮರೆಯುತ್ತದೆ. ಈ ಕೊರತೆಯನ್ನು ತುಂಬಲೆಂದೇ ಮೈಸೂರಿನಲ್ಲಿ ನೆಲೆಯೂರಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆಸರೆಯಲ್ಲಿ ಸೀಸನ್‌ವಾಚ್ ಎಂಬ ಕಾರ್ಯಕ್ರಮ ನಡೆಯುತ್ತಿದೆ. ಶಾಲೆಯ ಮಕ್ಕಳಿಂದ ಹಿಡಿದು ನಿವೃತ್ತರವರೆಗೆ ಯಾರು ಬೇಕಾದರೂ ತಮ್ಮ ಹತ್ತಿರದ ಒಂದು ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿಗಳನ್ನು ಗಮನಿಸಿ ದಾಖಲಿಸಬಹುದು. ಇದರಲ್ಲಿ ಕೇರಳದ ಶಾಲೆಗಳು ತೋರಿಸಿರುವ ಉತ್ಸಾಹ ದೊಡ್ಡದು. ಮರಗಳ ಮೇಲೆ ಅಷ್ಟೇ ಪ್ರೀತಿಯಿರುವ ಕರ್ನಾಟಕದಲ್ಲೂ ಅದು ಕಾಣಬೇಕು.

ಪಾಶ್ಚಾತ್ಯ ಪುಸ್ತಕಗಳಲ್ಲಿ ಓದುವ ವಸಂತವನ್ನು ಇಲ್ಲಿ ಹುಡುಕಿದರೆ ನಿರಾಸೆಯಾಗುತ್ತದೆ ಎಂಬುದನ್ನೂ ಹೇಳಬೇಕು. ಅಲ್ಲಿ ಹಿಮ ಕರಗಿ, ನೆಲ ಬೆಚ್ಚಗಾಗಿ, ಸುಪ್ತವಾಗಿದ್ದ ಜೀವ ಏಳುತ್ತದೆ. ನಮ್ಮ ಚೈತ್ರ ವೈಶಾಖಗಳು ವರ್ಷದ ಅತಿ ಬಿಸಿಯ ದಿನಗಳು. ಎಲೆ ಉದುರುವುದೂ ಹೂ ಅರಳುವುದೂ ಒಟ್ಟೊಟ್ಟಿಗೇ ನಡೆಯುತ್ತವೆ. ಮುತ್ತುಗ, ಬೂರುಗಗಳು ಎಲೆಯ ಹಂಗಿಲ್ಲದೆ ಹೂಬಿಡುವುದರಿಂದ ಹೂವು ದೂರದ ಹಕ್ಕಿಗೂ ಕಾಣುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಬೀಜ ಬಲಿತು ನೆಲಕ್ಕೆ ಬಿದ್ದಿರುತ್ತದೆ. ಬೂರುಗದ ದಪ್ಪ ಎಸಳಿನ ಬಟ್ಟಲಿಗೆ ಗೊರವಂಕ, ಕಾಜಾಣ, ಕಾಗೆ, ಅಳಿಲುಗಳು ಮುಗಿಬೀಳುವಾಗ ಅವುಗಳ ಹಣೆಗೆ ಪರಾಗ ಮೆತ್ತಿಕೊಳ್ಳುತ್ತದೆ. ಎಳೆಯ ಚಿಗುರು ಕೆಂಪಾಗಿರುವುದಕ್ಕೂ ಕಾರಣವಿದೆ. ಹಸಿರು ಇನ್ನೂ ತುಂಬದ ಎಲೆಯಲ್ಲಿ ಕೆಂಪು ವರ್ಣದ್ರವ್ಯ ಮೇಲುಗೈ ಪಡೆದಿರುತ್ತದೆ, ಅದು ಬಿರುಬಿಸಿಲಿನಿಂದಲೂ ಮೇಯುವ ಹುಳುಗಳಿಂದಲೂ ಎಲೆಗೆ ರಕ್ಷಣೆ ಕೊಡುತ್ತದೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಮಾರ್ಚ್ ಏಪ್ರಿಲ್‌ನ ಹೂಮಳೆ ಬಿದ್ದ ವಾರ ಹತ್ತು ದಿನಕ್ಕೆ ಕೊಡಗು, ಚಿಕ್ಕಮಗಳೂರಿನ ಕಾಫಿತೋಟಗಳು ಬೆಳ್ಳಗಾಗುತ್ತವೆ. ಮೊದಲ ಮಳೆಯ ಸಂಜೆ ಗೆದ್ದಲ ಹುತ್ತದಿಂದ ರೆಕ್ಕೆಯ ಈಸಲು ಹುಳುಗಳು ಏಳುತ್ತವೆ, ಅವುಗಳ ಹಿಂದೆಯೇ ಹಕ್ಕಿ, ಹಲ್ಲಿ, ಕಪ್ಪೆಗಳು ಬರುತ್ತವೆ. ಚಳಿಗಾಲ ಕಳೆಯಲು ಹಿಮಾಲಯದಾಚೆಯಿಂದ ಬಂದ ಸಿಪಿಲೆಗಳು, ಉಲಿಯಕ್ಕಿಗಳು ಏಪ್ರಿಲ್ ಕಳೆಯುವುದರೊಳಗೆ ಹೊರಟುಬಿಡುತ್ತವೆ. ಹೀಗೆ ನಮ್ಮ ವಸಂತ ಒಂದು ದಿನದ ದೃಶ್ಯವಾಗಿರದೆ ಮೂರು ತಿಂಗಳು ಹಂತಹಂತವಾಗಿ ನಡೆಯುವ ಬದಲಾವಣೆಯಾಗಿದೆ. ಒಮ್ಮೆ ಹೋಗಿ ಚಿತ್ರ ತೆಗೆದುಬರುವ ಪ್ರವಾಸಿಗೆ ಇದರ ಒಂದು ತುಣುಕು ಮಾತ್ರ ಸಿಕ್ಕೀತು. ಇಡೀ ಸರಣಿ ಸಿಗುವುದು ದಿನವೂ ಆ ದಾರಿಯಲ್ಲಿ ನಡೆಯುವವನಿಗೆ.

ಮನೆಯ ಸುತ್ತ ನೋಡುವಂಥದ್ದು ಏನಿದೆ ಎಂಬ ಮಾತಿಗೆ ಇಂಗ್ಲೆಂಡಿನ ಜೆನಿಫರ್ ಓವೆನ್ ಅವರ ತೋಟವೇ ಉತ್ತರ. ಲೆಸ್ಟರ್ ನಗರದ ಬಡಾವಣೆಯೊಂದರಲ್ಲಿದ್ದ ತಮ್ಮ ಸಾಮಾನ್ಯ ಹಿತ್ತಿಲನ್ನು ಅವರು 1972ರಿಂದ 2001ರವರೆಗೆ ಮೂವತ್ತು ವರ್ಷ ಅಭ್ಯಾಸ ಮಾಡಿ 2,673 ಜೀವಿಪ್ರಭೇದಗಳನ್ನು ಪಟ್ಟಿ ಮಾಡಿದರು. ಅದರಲ್ಲಿ 1,997 ಕೀಟಗಳೇ. ಅದು ತಣ್ಣನೆಯ ದೇಶದ ಲೆಕ್ಕ. ನಮ್ಮ ಉಷ್ಣವಲಯದ ಹಿತ್ತಿಲುಗಳ ಲೆಕ್ಕವನ್ನು ಅಷ್ಟು ತಾಳ್ಮೆಯಿಂದ ಹಾಕಿದವರು ಕಡಿಮೆ. ಆದರೆ ಹಾಕಿದಲ್ಲೆಲ್ಲ ಬೆರಗು ಕಾದಿದೆ. 2018ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಪುಟ್ಟ ಕಪ್ಪೆಯೊಂದು ಸಿಕ್ಕಿದ್ದು ಮಂಗಳೂರಿನಲ್ಲಿ, ಕಾರ್ಖಾನೆಗಳ ನಡುವೆ ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ. ಊರಿನ ಕೊಂಕಣಿ ಹೆಸರಾದ ಕೊಡಿಯಾಲ್ ಎಂಬುದೇ ಅದರ ವೈಜ್ಞಾನಿಕ ಹೆಸರಿಗೂ ಸೇರಿತು. 2020ರಲ್ಲಿ ಬೆಂಗಳೂರಿನ ಅಂಚಿನ ರಾಜಾನುಕುಂಟೆಯಿಂದ ನೆಲದಲ್ಲಿ ಹುದುಗಿರುವ ಮತ್ತೊಂದು ಕಪ್ಪೆ ವರದಿಯಾಗಿ, ಬೆಂಗಳೂರಿನ ಹೆಸರನ್ನೇ ಪಡೆಯಿತು. ಅದೇ ವರ್ಷ ಲಾಕ್‌ಡೌನಿನಲ್ಲಿ ಹಿಮಾಚಲ ಪ್ರದೇಶದ ಚಂಬಾದ ತನ್ನ ಊರಿಗೆ ಮರಳಿದ್ದ ವಿದ್ಯಾರ್ಥಿಯೊಬ್ಬ ಮನೆಯ ಸುತ್ತಮುತ್ತ ಕಂಡ ಹಾವಿನ ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಹಾಕಿದ. ಅದು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್ ಸಂಸ್ಥೆಯ ಸಂಶೋಧಕರೊಬ್ಬರ ಕಣ್ಣಿಗೆ ಬಿದ್ದು, 2021ರ ಡಿಸೆಂಬರಿನಲ್ಲಿ ಹೊಸ ಪ್ರಭೇದವೆಂದು ಪ್ರಕಟವಾಯಿತು. ಎಲ್ಲರ ಹಿತ್ತಿಲಿನಲ್ಲೂ ಹೊಸ ಹಾವು ಸಿಗುವುದಿಲ್ಲ. ಆದರೆ ನೋಡಿ ಮುಗಿಸಿದ್ದೇವೆ ಎಂದು ನಾವು ತಿಳಿದಿರುವ ಜಾಗಗಳನ್ನು ಇನ್ನೂ ಯಾರೂ ಸರಿಯಾಗಿ ನೋಡಿಯೇ ಇಲ್ಲ ಎಂಬುದು ಇದರಿಂದ ಸ್ಪಷ್ಟ.

ಒಂದೇ ಒಂದು ಗಿಡವನ್ನು ತೆಗೆದುಕೊಳ್ಳಿ. ಕುಂಡದಲ್ಲಿರುವ ನಿಂಬೆ ಅಥವಾ ಕರಿಬೇವು ಸಾಕು. ಎಳೆಯ ಎಲೆಯ ಮೇಲೆ ನಿಂಬೆ ಚಿಟ್ಟೆ ಸಾಸಿವೆಗಿಂತ ಚಿಕ್ಕದಾದ ಮೊಟ್ಟೆ ಇಡುತ್ತದೆ. ಅದರಿಂದ ಬಂದ ಮರಿಹುಳು ಮೊದಲ ದಿನಗಳಲ್ಲಿ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿರುತ್ತದೆ, ಹಕ್ಕಿ ಅದನ್ನು ತಿನ್ನಲು ಹೋಗುವುದಿಲ್ಲ. ದೊಡ್ಡದಾಗಿ ಹಿಕ್ಕೆಯ ವೇಷ ಒಪ್ಪದಂತಾದಾಗ ಪೊರೆ ಬಿಟ್ಟು ಎಲೆಯ ಹಸಿರಿಗೆ ತಿರುಗುತ್ತದೆ. ಮೂರು ನಾಲ್ಕು ವಾರಗಳಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗಿನ ಇಡೀ ಬದುಕು ನಿಮ್ಮ ಬಾಲ್ಕನಿಯಲ್ಲೇ ಮುಗಿದಿರುತ್ತದೆ. ಪಕ್ಕದ ಮಾವಿನ ಮರದಲ್ಲಿ ಚಗಳಿ ಇರುವೆಗಳು ತಮ್ಮ ಮರಿಗಳಿಂದ ಬರುವ ರೇಷ್ಮೆಯ ಎಳೆಯಿಂದ ಎಲೆಗಳನ್ನು ಹೊಲಿದು ಗೂಡು ಕಟ್ಟುತ್ತವೆ. ಆ ಇರುವೆಸಾಲಿನ ಅಂಚಿನಲ್ಲಿ ಅವುಗಳಂತೆಯೇ ನಡೆಯುವ, ಮುಂಗಾಲೆರಡನ್ನು ಮೀಸೆಯಂತೆ ಎತ್ತಿಹಿಡಿಯುವ ಜೀವಿ ಕಂಡರೆ ಕಾಲು ಎಣಿಸಿ. ಎಂಟಿದ್ದರೆ ಅದು ಇರುವೆಯ ವೇಷದ ಜೇಡ. ಹೊಂಗೆಯ ಎಲೆಯ ಮೇಲೆ ಬೆರಳಿನಂತೆ ಎದ್ದುನಿಂತ ಗಂಟುಗಳು ಬರಿಗಣ್ಣಿಗೆ ಕಾಣದ ನುಸಿಯೊಂದು ಎಲೆಯಿಂದಲೇ ಕಟ್ಟಿಸಿಕೊಂಡ ಮನೆ. ಇವುಗಳಲ್ಲಿ ಯಾವುದಕ್ಕೂ ಕಾಡಿಗೆ ಹೋಗಬೇಕಿಲ್ಲ. ಬೇಕಾದುದು ಮತ್ತೆ ಮತ್ತೆ ಅಲ್ಲಿಗೇ ಬರುವ ಕಣ್ಣು. ಕ್ಯಾಮೆರಾ ಆ ಕಣ್ಣಿಗೆ ನೆನಪು ಕೊಡುತ್ತದೆ. ನಿನ್ನೆಯ ಚಿತ್ರದ ಪಕ್ಕದಲ್ಲಿ ಇಂದಿನದನ್ನು ಇಟ್ಟಾಗಲೇ ಹಿಕ್ಕೆಯಂತಿದ್ದದ್ದೂ ಈಗ ಹಸಿರಾಗಿರುವುದೂ ಒಂದೇ ಹುಳುವೆಂದು ಅರಿವಾಗುವುದು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಗೊರವಂಕ, ಪಿಕಳಾರ, ಅಳಿಲುಗಳನ್ನು ಸಾವಿರಾರು ಜನ ಈಗಾಗಲೇ ತೆಗೆದಿದ್ದಾರೆ, ಇನ್ನೊಂದು ಚಿತ್ರದಿಂದ ಆಗುವುದೇನು ಎಂದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಿದ್ದೇ ಈ ಮನೋಭಾವವನ್ನು ತಿದ್ದಲು. ಇಂದು ಎಲ್ಲೆಲ್ಲೂ ಕಾಣುವುದು ನಾಳೆಯೂ ಕಾಣುತ್ತದೆ ಎಂದು ಯಾರೂ ಭರವಸೆ ಕೊಡಲಾರರು. 1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ ಅದನ್ನು ಎಣಿಸುವುದೇ ವ್ಯರ್ಥ ಎನಿಸುತ್ತಿತ್ತು. ಆದರೂ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ ಅವುಗಳ ಲೆಕ್ಕ ಇಟ್ಟಿದ್ದರು. ಹತ್ತು ವರ್ಷದ ಮೇಲೆ ಮತ್ತೆ ಎಣಿಸಿದಾಗ ಆಗಿದ್ದ ಕುಸಿತ ಗೊತ್ತಾಗಲು ಆ ಹಳೆಯ ಲೆಕ್ಕವೇ ಆಧಾರವಾಯಿತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧವೇ ಕಾರಣವೆಂದು ತಿಳಿದು, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ನಿಷೇಧಿಸುವ ಹೊತ್ತಿಗೆ ಆ ಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಲ್ಲವಾಗಿದ್ದವು. ನಮ್ಮ ರಾಜ್ಯಪಕ್ಷಿ ನೀಲಕಂಠದ ಕತೆಯೂ ಎಚ್ಚರಿಕೆ ಹೇಳುವಂಥದ್ದೇ. ರಸ್ತೆಬದಿಯ ವಿದ್ಯುತ್ ತಂತಿಯ ಮೇಲೆ ಸಲೀಸಾಗಿ ಕಾಣುವ ಹಕ್ಕಿಯೆಂದೇ ಅದು ಹೆಸರಾದದ್ದು. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಅದು ನೂರಕ್ಕೆ ಮೂವತ್ತಕ್ಕೂ ಹೆಚ್ಚು ಕುಸಿದಿದೆ ಎಂದು ಹೇಳಿ, ಅದರ ಅಪಾಯದ ಮಟ್ಟವನ್ನು ಮರುಪರಿಶೀಲಿಸಬೇಕೆಂದು ಶಿಫಾರಸು ಮಾಡಿತು. ಇದಕ್ಕೆ ತದ್ವಿರುದ್ಧವಾಗಿ, ಎಲ್ಲೆಡೆ ಅಳಿಯುತ್ತಿದೆ ಎಂದು ನಾವು ಮರುಗುತ್ತಿದ್ದ ಗುಬ್ಬಚ್ಚಿ ದೊಡ್ಡ ನಗರಗಳಲ್ಲಿ ಕಡಿಮೆಯಾಗುತ್ತಿದ್ದರೂ ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ ಎಂದು 2020ರ ವರದಿ ತೋರಿಸಿತ್ತು. ಎರಡೂ ಕಡೆ ನಮ್ಮ ಊಹೆ ತಪ್ಪಿತ್ತು, ದಾಖಲೆ ತಿದ್ದಿತು.

ಆ 2023ರ ವರದಿ ಯಾರ ಶ್ರಮದ ಫಲ ಎಂಬುದನ್ನೂ ಗಮನಿಸಬೇಕು. 942 ಪ್ರಭೇದಗಳ ಸ್ಥಿತಿಯನ್ನು ಅಳೆಯಲು ಅದು ಬಳಸಿದ್ದು 30,000ಕ್ಕೂ ಹೆಚ್ಚು ಹಕ್ಕಿವೀಕ್ಷಕರು ಇಬರ್ಡ್ ತಾಣದಲ್ಲಿ ಸೇರಿಸಿದ್ದ ಮೂರು ಕೋಟಿಗೂ ಮಿಗಿಲಾದ ದಾಖಲೆಗಳನ್ನು. ಅವರಲ್ಲಿ ವೃತ್ತಿಯ ವಿಜ್ಞಾನಿಗಳು ಕೆಲವರೇ. ಉಳಿದವರು ಬ್ಯಾಂಕು, ಶಾಲೆ, ಅಂಗಡಿ, ಮನೆಗೆಲಸಗಳ ನಡುವೆ ಬೆಳಗಿನ ಅರ್ಧಗಂಟೆಯನ್ನು ಹಕ್ಕಿಗೆ ಕೊಟ್ಟವರು. ಇಲ್ಲಿ ಎರಡನೆಯ ಆಕ್ಷೇಪ ಬರುತ್ತದೆ. ತರಬೇತಿಯಿಲ್ಲದವರ ದಾಖಲೆಯನ್ನು ನಂಬುವುದು ಹೇಗೆ? ಈ ಅನುಮಾನ ನ್ಯಾಯವಾದುದು. ಬರಿಯ ಹೆಸರು ಬರೆದುಕೊಟ್ಟರೆ ತಪ್ಪನ್ನು ಹಿಡಿಯಲು ದಾರಿಯಿಲ್ಲ. ಚಿತ್ರವಿದ್ದರೆ ಆ ದಾರಿ ತೆರೆದುಕೊಳ್ಳುತ್ತದೆ. ಹೆಸರು ತಪ್ಪಾದರೂ ಪುರಾವೆ ಉಳಿದಿರುತ್ತದೆ, ಹತ್ತು ವರ್ಷದ ಮೇಲೆ ಬಲ್ಲವರೊಬ್ಬರು ಬಂದು ತಿದ್ದಬಹುದು. 2008ರಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾದ ಐನ್ಯಾಚುರಲಿಸ್ಟ್ ತಾಣದಲ್ಲಿ ಚಿತ್ರ, ದಿನಾಂಕ, ಸ್ಥಳ ಮೂರೂ ಇದ್ದು, ಗುರುತಿಸಿದವರಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಜನ ಒಪ್ಪಿದಾಗಲೇ ಒಂದು ದಾಖಲೆ ಸಂಶೋಧನೆಯ ದರ್ಜೆಗೆ ಏರುತ್ತದೆ. ಆದರೂ ಚಿತ್ರಗಳಿಗೊಂದು ಮಿತಿ ಇದೆ. ಜನ ಹೆಚ್ಚಿರುವಲ್ಲಿ ಚಿತ್ರವೂ ಹೆಚ್ಚು, ಭಾನುವಾರ ಇನ್ನೂ ಹೆಚ್ಚು. ಬಣ್ಣದ ಹಕ್ಕಿ ಹೆಚ್ಚು ಸಿಗುತ್ತದೆ, ಮಣ್ಣುಬಣ್ಣದ ಹರಟೆಮಲ್ಲ ಕಡಿಮೆ. ಕಾಣದೆಹೋದದ್ದನ್ನು ಚಿತ್ರ ಹೇಳುವುದೇ ಇಲ್ಲ. ಆದ್ದರಿಂದ ಚಿತ್ರಗಳ ಗುಡ್ಡೆಯಿಂದ ಸಂಖ್ಯೆಯ ಏರಿಳಿತವನ್ನು ಲೆಕ್ಕ ಹಾಕುವುದು ಸಲ್ಲದು. ಒಂದೇ ದಾರಿ, ಒಂದೇ ಹೊತ್ತು, ಕಂಡದ್ದೆಲ್ಲವನ್ನೂ ಬರೆಯುವುದು, ಇಷ್ಟನ್ನು ಚಿತ್ರದ ಜೊತೆಗೆ ಸೇರಿಸಿದರೆ ಆ ಮಿತಿಯನ್ನು ಬಹುಪಾಲು ದಾಟಬಹುದು.

ಮೂರನೆಯ ಆಕ್ಷೇಪ ಖರ್ಚಿನದು. ಲಕ್ಷಗಟ್ಟಲೆ ಬೆಲೆಯ ಲೆನ್ಸಿಲ್ಲದೆ ಇದೆಲ್ಲ ಆಗದು ಎಂಬ ನಂಬಿಕೆ ಬಲವಾಗಿದೆ. ಮರದ ಚಿಗುರು, ಹೂ, ಕಾಯಿ, ಎಲೆಯ ಗಂಟು, ಜೇಡದ ಬಲೆ, ಮರಿಹುಳು, ಇವಕ್ಕೆಲ್ಲ ಸಾಧಾರಣ ಫೋನ್ ಸಾಕು. ಫೋನಿಗೆ ಕಚ್ಚಿಸುವ ಸಣ್ಣ ಮ್ಯಾಕ್ರೊ ಲೆನ್ಸ್ ಸಿಕ್ಕರೆ ಇರುವೆಯ ಕಣ್ಣೂ ಕಾಣುತ್ತದೆ. ದೂರದ ಹಕ್ಕಿ ಫೋನಿನಲ್ಲಿ ಚುಕ್ಕೆಯಾಗಿ ಬಂದರೂ ಅದರ ಕೂಗನ್ನು ಧ್ವನಿಮುದ್ರಿಸಬಹುದು, ಅದೂ ದಾಖಲೆಯೇ. ಹಣಕ್ಕಿಂತ ಹೆಚ್ಚಾಗಿ ಇಲ್ಲಿ ಕೆಲಸಕ್ಕೆ ಬರುವುದು ಹೊತ್ತಿನ ಆಯ್ಕೆ. ನಮ್ಮ ಬೇಸಗೆಯಲ್ಲಿ ಒಂಬತ್ತು ಗಂಟೆಯ ಮೇಲೆ ಬಿಸಿಲು ನೆತ್ತಿಗೇರಿ, ಬಿಳಿ ಹೂ ಸುಟ್ಟಂತೆಯೂ ನೆರಳು ಇದ್ದಿಲಿನಂತೆಯೂ ಮೂಡುತ್ತವೆ. ಸೂರ್ಯ ಹುಟ್ಟಿದ ಮೊದಲ ಗಂಟೆಯ ಓರೆಬೆಳಕಿನಲ್ಲಿ ಎಲೆಯ ನರನರವೂ ಎದ್ದುಕಾಣುತ್ತದೆ. ಕೀಟಗಳಿಗೆ ಮೈಶಾಖ ಬರುವುದು ಹೊರಗಿನ ಬಿಸಿಲಿನಿಂದ. ಆದ್ದರಿಂದ ಮುಂಜಾನೆ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳು ಬೇಗ ಹಾರಲಾರದೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತ ಕೂತಿರುತ್ತವೆ. ಚಿಗುರನ್ನು ಬೆಳಕಿಗೆ ಎದುರಾಗಿ ನಿಂತು ತೆಗೆದರೆ ಅದರ ಕೆಂಪು ಒಳಗಿನಿಂದ ಹೊತ್ತಿದಂತೆ ಕಾಣುತ್ತದೆ. ಓತಿಕ್ಯಾತವನ್ನೋ ಕಪ್ಪೆಯನ್ನೋ ನಿಂತಲ್ಲಿಂದ ಬಗ್ಗಿ ತೆಗೆಯುವ ಬದಲು ಅದರ ಕಣ್ಣಿನ ಎತ್ತರಕ್ಕೆ ಇಳಿದು ತೆಗೆದರೆ ಅದು ಅಲ್ಪಜೀವಿಯಂತೆ ಕಾಣದೆ ತನ್ನ ಲೋಕದ ಒಡೆಯನಂತೆ ಕಾಣುತ್ತದೆ. ಇಷ್ಟಕ್ಕೆ ಬೇಕಾದುದು ಮೊಣಕಾಲು ಊರುವ ಮನಸ್ಸು.

ಚೆಲುವು ನಮ್ಮನ್ನು ದಾರಿತಪ್ಪಿಸುವ ಒಂದು ಬಗೆಯೂ ಇದೆ, ಅದನ್ನು ಗಂಭೀರವಾಗಿ ಯೋಚಿಸಬೇಕು. ಬೆಂಗಳೂರಿನ ವಸಂತವೆಂದರೆ ಈಗ ಗುಲಾಬಿ ಟಬೂಬಿಯಾದ ಚಿತ್ರ. ಅದರ ಹಿಂದೆ ನೀಲಿ ಜಕರಂಡ, ಅದರ ಹಿಂದೆ ಕೆಂಪು ಗುಲ್‌ಮೊಹರ್. ಮೊದಲೆರಡು ದಕ್ಷಿಣ ಅಮೆರಿಕದ ಕಡೆಯಿಂದ ಬಂದವು, ಮೂರನೆಯದು ಮಡಗಾಸ್ಕರ್‌ನದು. 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಜಿ. ಎಚ್. ಕ್ರುಂಬಿಗಲ್ ಅವರು, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೀದಿಗಳಲ್ಲಿ ಮರ ನೆಡುವ ಯೋಜನೆಗೆ ಹೆಸರಾದವರು. ಅವರ ಕೊಡುಗೆ ದೊಡ್ಡದು, ಆ ಹೂಗಳ ಚಿತ್ರ ತೆಗೆಯುವುದರಲ್ಲಿ ತಪ್ಪೂ ಇಲ್ಲ. ಆದರೆ ಅಲ್ಲಿಗೇ ನಿಂತರೆ ನಮ್ಮ ವಸಂತದ ದಾಖಲೆ ಬಣ್ಣದ ದಾಖಲೆಯಾಗಿ ಉಳಿಯುತ್ತದೆ. ಹೊಂಗೆಯ ನಸುನೇರಳೆ ಹೂ ದೂರಕ್ಕೆ ಕಾಣುವುದಿಲ್ಲ, ಫೋಟೊದಲ್ಲಿ ಮೆರೆಯುವುದಿಲ್ಲ. ಆದರೆ ಆ ಮರದ ಕೆಳಗೆ ನಿಂತರೆ ಜೇನ್ನೊಣಗಳ ಮೊರೆತ ಕೇಳುತ್ತದೆ, ಅದರ ಎಲೆಯನ್ನೇ ತಿಂದು ಬೆಳೆಯುವ ಚಿಟ್ಟೆಗಳಿವೆ, ಉದುರಿದ ಹೂ ನೆಲಕ್ಕೆ ಹಾಸಿಗೆಯಾಗುತ್ತದೆ. ಬೇವು, ಅತ್ತಿ, ಗೋಣಿ, ಆಲಗಳ ಮಾತೂ ಹೀಗೇ. ಅತ್ತಿಯ ಹೂವಂತೂ ಕಾಯಿಯೊಳಗೇ ಅಡಗಿರುತ್ತದೆ, ಹೊರಗೆ ಚೆಲುವೇ ಇಲ್ಲ. ಆದರೆ ಅದು ಹಣ್ಣಾದ ವಾರ ಕೋಗಿಲೆ, ಕಂಚುಗಾರ ಕುಟ್ರು, ಬಾವಲಿಗಳೆಲ್ಲ ಅಲ್ಲೇ ಇರುತ್ತವೆ. ಹೂವನ್ನು ನೋಡಿ ಮರ ಆರಿಸುವ ಬದಲು ಮರಕ್ಕೆ ಬರುವವರನ್ನು ನೋಡಿ ಆರಿಸಿದರೆ ಚಿತ್ರಗಳ ವಿಷಯ ತಾನಾಗಿ ಬದಲಾಗುತ್ತದೆ. ಒಣಕೊಂಬೆಯ ಮಾತನ್ನೂ ಹೇಳಬೇಕು. ಕುಟ್ರುಹಕ್ಕಿ ಗೂಡಿಗೆ ಪೊಟರೆ ಕೊರೆಯುವುದು ಅಂಥ ಕೊಂಬೆಯಲ್ಲೇ. ಜನಕ್ಕೆ ಅಪಾಯವಿಲ್ಲದ ಕಡೆ ಅದನ್ನು ಕಡಿಯದಂತೆ ಕೇಳಲು, ಅದರಿಂದ ಇಣುಕುವ ಹಕ್ಕಿಯ ಒಂದು ಚಿತ್ರ ಹತ್ತು ಅರ್ಜಿಗಳಿಗಿಂತ ಹೆಚ್ಚು ನೆರವಾದೀತು.

ಎಲ್ಲಕ್ಕಿಂತ ತೂಕವಾದ ಆಕ್ಷೇಪ ಜೀವಿಗಳಿಗಾಗುವ ತೊಂದರೆಯದು. ವಸಂತ ಎಂದರೆ ಗೂಡಿನ ಕಾಲ. ಸೂರಕ್ಕಿ ಬಾಗಿಲ ಮುಂದಿನ ಬಳ್ಳಿಗೇ ಜೇಡರ ಬಲೆಯ ಎಳೆಯಿಂದ ಗೂಡು ನೇತುಹಾಕುತ್ತದೆ, ಸಿಂಪಿಗ ಕೈಗೆಟಕುವ ಎಲೆಯನ್ನೇ ಹೊಲಿಯುತ್ತದೆ. ಹತ್ತಿರವಿರುವುದರಿಂದಲೇ ಕೆಡುಕು ಮಾಡುವುದೂ ಸುಲಭ. ಚಿತ್ರಕ್ಕೆ ಅಡ್ಡವೆಂದು ಎರಡು ಎಲೆ ಸರಿಸಿದರೆ ಮರಿಗಳ ಮೇಲೆ ನೇರ ಬಿಸಿಲು ಬೀಳುತ್ತದೆ, ಕಾಗೆ ಕೆಂಬೂತಗಳಿಗೆ ಗೂಡು ಕಾಣುತ್ತದೆ. ಮನುಷ್ಯ ಅಲ್ಲೇ ನಿಂತಷ್ಟು ಹೊತ್ತು ತಾಯಿ ಗುಟುಕು ತರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕಾಡುಹಕ್ಕಿಯ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಈ ಆಕ್ಷೇಪಕ್ಕೆ ಮರುಮಾತಿಲ್ಲ, ಒಪ್ಪಿಗೆಯೇ ಉತ್ತರ. ಗೂಡಿನ ಹತ್ತಿರದ ಚಿತ್ರ ಬೇಡ. ಹಕ್ಕಿಯ ಕೂಗನ್ನು ಫೋನಿನಲ್ಲಿ ನುಡಿಸಿ ಅದನ್ನು ಕರೆಯುವುದು ಬೇಡ, ಎದುರಾಳಿ ಬಂದನೆಂದು ಅದು ಇರುವ ಶಕ್ತಿಯನ್ನೆಲ್ಲ ಸುರಿದೀತು. ಹುಳುವನ್ನು ಹಿಡಿದು ಬೇರೆ ಹೂವಿನ ಮೇಲೆ ಕೂರಿಸುವುದು ಸುಳ್ಳು ದಾಖಲೆ, ಹಿಂಸೆಯೂ ಹೌದು. ಗೂಬೆಯಂಥ ಹಕ್ಕಿ ಇರುವ ಮರದ ಗುರುತನ್ನು ಎಲ್ಲರಿಗೂ ಸಾರಬಾರದು. ದಾಖಲೆಯ ತಾಣಗಳು ಅಪಾಯದಲ್ಲಿರುವ ಪ್ರಭೇದಗಳ ನಿಖರ ಸ್ಥಳವನ್ನು ಮರೆಮಾಡುವುದು ಇದಕ್ಕಾಗಿಯೇ. ಜೀವಿ ಮಾಡುತ್ತಿದ್ದ ಕೆಲಸವನ್ನು ಬಿಟ್ಟು ನಿಮ್ಮತ್ತ ನೋಡತೊಡಗಿತೆಂದರೆ ನೀವು ಬೇಕಾದುದಕ್ಕಿಂತ ಹತ್ತಿರ ಬಂದಿದ್ದೀರಿ ಎಂದು ಅರ್ಥ. ಹಾಗೆಯೇ ಪಕ್ಕದ ಮನೆಯ ಕಾಂಪೌಂಡಿನೊಳಗಿನ ಮರಕ್ಕೆ ಕ್ಯಾಮೆರಾ ಎತ್ತುವ ಮೊದಲು ಆ ಮನೆಯವರನ್ನು ಒಂದು ಮಾತು ಕೇಳುವುದು ಮರ್ಯಾದೆ.

ಕ್ಯಾಮೆರಾ ಅಡ್ಡ ಬಂದರೆ ನೋಟವೇ ತಪ್ಪಿಹೋಗುತ್ತದೆ ಎಂಬ ಮಾತೂ ಇದೆ. ಮೆಚ್ಚುಗೆ ಎಣಿಸಲು ತೆಗೆಯುವ ಚಿತ್ರದ ಮಟ್ಟಿಗೆ ಅದು ನಿಜ. ಆದರೆ ನಮ್ಮ ನೆಲದಲ್ಲೇ ಬೇರೆ ಪರಂಪರೆಯೊಂದಿದೆ. 1940ರ ದಶಕದಲ್ಲಿ ಬಳ್ಳಾರಿ ಬಳಿಯ ಸಂಡೂರು ಸಂಸ್ಥಾನದಲ್ಲಿ ಕೆಲಸ ಮಾಡಿದ್ದ ಎಂ. ಕೃಷ್ಣನ್ 1950ರಿಂದ 1996ರಲ್ಲಿ ತೀರಿಕೊಳ್ಳುವವರೆಗೆ ಸ್ಟೇಟ್ಸ್‌ಮನ್ ಪತ್ರಿಕೆಗೆ ನಿಸರ್ಗದ ಅಂಕಣ ಬರೆದರು. ತಾವೇ ಜೋಡಿಸಿಕೊಂಡ ಕ್ಯಾಮೆರಾದಲ್ಲಿ ಕಪ್ಪು ಬಿಳುಪು ಚಿತ್ರ ತೆಗೆದರು. ಆನೆಯ ಬಗ್ಗೆ ಬರೆದಷ್ಟೇ ಆಸ್ಥೆಯಿಂದ ಅಂಗಳದ ಅಳಿಲು ಕಾಗೆಗಳ ಬಗ್ಗೆಯೂ ಬರೆದರು. ನಮ್ಮ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಚಿತ್ರ ತೆಗೆದರು, ಕನ್ನಡ ನಾಡಿನ ಹಕ್ಕಿಗಳನ್ನು ಕನ್ನಡದಲ್ಲೇ ಪರಿಚಯಿಸಿದರು. ಅವರಿಬ್ಬರಿಗೂ ಕ್ಯಾಮೆರಾ ಕಾಯುವುದನ್ನು ಕಲಿಸುವ ಸಾಧನವಾಗಿತ್ತು. ಹಕ್ಕಿ ಬಂದು ಕೂರುವ ಕೊಂಬೆ ಯಾವುದು, ಯಾವ ಹೊತ್ತಿಗೆ ಬರುತ್ತದೆ, ಯಾಕೆ ಬರುತ್ತದೆ ಎಂದು ತಿಳಿಯದೆ ಒಳ್ಳೆಯ ಚಿತ್ರ ಸಿಗುವುದಿಲ್ಲ. ಅಷ್ಟನ್ನು ತಿಳಿಯುವುದರೊಳಗೆ ನೋಡುವುದನ್ನು ಕಲಿತಾಗಿರುತ್ತದೆ. ನೋಟ ತಪ್ಪುವುದು ಓಡುವವನಿಗೆ, ಕಾಯುವವನಿಗಲ್ಲ.

ಹಾಗಾದರೆ ಮಾಡಬೇಕಾದುದೇನು? ಮನೆಯಿಂದ ಹೊರಟು ಮನೆಗೇ ಮರಳುವ, ಒಂದು ಕಿಲೊಮೀಟರ್ ಮೀರದ ದಾರಿಯೊಂದನ್ನು ಗೊತ್ತುಮಾಡಿಕೊಳ್ಳಿ. ಅದರಲ್ಲಿ ಹತ್ತು ಮರಗಳನ್ನು ಆರಿಸಿ, ಅರ್ಧದಷ್ಟಾದರೂ ಈ ನೆಲದವೇ ಇರಲಿ. ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಪ್ರತಿ ಮರದ ಪೂರ್ತಿ ಚಿತ್ರವೊಂದನ್ನು ಅದೇ ಜಾಗದಲ್ಲಿ ನಿಂತು ತೆಗೆಯಿರಿ. ಚಿಗುರು, ಹೂ, ಕಾಯಿಗಳಲ್ಲಿ ಏನಿದೆಯೋ ಅದರ ಹತ್ತಿರದ ಚಿತ್ರ ಇನ್ನೊಂದು. ಅದರ ಮೇಲೆ ಯಾರಿದ್ದಾರೋ, ಇರುವೆಯೋ ಹಕ್ಕಿಯೋ, ಅವರದು ಮತ್ತೊಂದು. ಏನೂ ಬದಲಾಗಿಲ್ಲದ ವಾರವೂ ತೆಗೆಯಿರಿ, ಬದಲಾಗಲಿಲ್ಲ ಎಂಬುದೂ ಸುದ್ದಿಯೇ. ಫೋನಿನ ಗಡಿಯಾರವೂ ಸ್ಥಳದ ಗುರುತೂ ಸರಿಯಾಗಿರಲಿ. ಚಿತ್ರಗಳನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿ ಮೂಲವನ್ನು ಅಳಿಸಿದರೆ ಅವುಗಳೊಳಗಿದ್ದ ದಿನಾಂಕ, ಸ್ಥಳಗಳ ಮಾಹಿತಿ ಕಳೆದುಹೋಗುತ್ತದೆ, ಆದ್ದರಿಂದ ಮೂಲ ಚಿತ್ರಗಳನ್ನು ತಿಂಗಳಿಗೊಂದು ಕಡತ ಮಾಡಿ ಇಟ್ಟುಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. 2008ರಿಂದಲೇ ನಡೆಯುತ್ತಿರುವ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲೋ ಐನ್ಯಾಚುರಲಿಸ್ಟ್‌ನಲ್ಲೋ ಹಾಕಿದರೆ ಬಲ್ಲವರು ಹೇಳುತ್ತಾರೆ. ಮನೆಯ ಹಿರಿಯರನ್ನು ಕೇಳಿ ಊರಿನ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ. ಒಂದೇ ಹಕ್ಕಿಗೆ ಮಲೆನಾಡಿನಲ್ಲೊಂದು, ಬಯಲುಸೀಮೆಯಲ್ಲೊಂದು, ಕರಾವಳಿಯಲ್ಲಿನ್ನೊಂದು ಹೆಸರಿರುವ ಭಾಷೆ ನಮ್ಮದು. ಹಕ್ಕಿಯ ಜೊತೆಗೆ ಆ ಹೆಸರೂ ಉಳಿಯಬೇಕು.

ಒಬ್ಬರ ಒಂದು ವರ್ಷದ ಚಿತ್ರಗಳಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಹತ್ತು ವರ್ಷದವು ಸೇರಿದರೆ ಒಂದು ಬೀದಿಯ ಚರಿತ್ರೆಯಾಗುತ್ತದೆ, ನೂರು ಬೀದಿಗಳದು ಕೂಡಿದರೆ ನಾಡಿನ ಋತುಮಾನದ ಚರಿತ್ರೆಯಾಗುತ್ತದೆ. ರಸ್ತೆ ಅಗಲವಾಗುವಾಗ ಕಡಿಯಲು ಗುರುತು ಹಾಕಿದ ಮರದಲ್ಲಿ ಏನೆಲ್ಲ ಬದುಕಿದ್ದವು ಎಂದು ಕೇಳಿದಾಗ ತೋರಿಸಲು ನಮ್ಮ ಕೈಯಲ್ಲಿ ಪುರಾವೆ ಇರುತ್ತದೆ. ಮುಂದಿನ ಪೀಳಿಗೆಯವರು ಹೊಂಗೆ ಎಂದು ಚಿಗುರುತ್ತಿತ್ತು ಎಂದು ಕೇಳಿದಾಗ ಅಂದಾಜು ಹೇಳಬೇಕಿರುವುದಿಲ್ಲ. ಹುಲಿಯನ್ನು ಎಣಿಸಲು ಸರ್ಕಾರವಿದೆ, ಇಲಾಖೆಯಿದೆ, ಕ್ಯಾಮೆರಾ ಬಲೆಗಳಿವೆ. ನಿಮ್ಮ ಬೀದಿಯ ಹೊಂಗೆಗೆ ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಈ ವಾರವೇ ಅದರ ಮುಂದೆ ನಿಂತು ಮೊದಲ ಚಿತ್ರ ತೆಗೆಯಿರಿ, ದಿನಾಂಕ ಬರೆಯಿರಿ, ಮುಂದಿನ ವಾರ ಮತ್ತೆ ಅಲ್ಲಿಗೇ ಹೋಗಿ.